ಹುಣ್ಣಿಮೆ ನೋಡಿ ಬರುವ ಈಸ್ಟರ್, ತಾರೀಖು ಹಿಡಿದು ಬರುವ ಕ್ರಿಸ್ಮಸ್: ನಮ್ಮ ಕರಾವಳಿಯ ಇಗರ್ಜಿಯ ವರ್ಷ

"ಈ ಸಲ ನಿಮ್ಮ ಈಸ್ಟರ್ ಯಾವಾಗ?" ಫೆಬ್ರುವರಿ ಬಂತೆಂದರೆ ಕಾರವಾರದ ಕ್ರಿಶ್ಚಿಯನ್ನರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಕ್ರಿಸ್ಮಸ್ ಯಾವಾಗ ಅಂತ ಯಾರೂ ಕೇಳುವುದಿಲ್ಲ, ಡಿಸೆಂಬರ್ 25 ಅಂತ ಅಂಗನವಾಡಿ ಮಕ್ಕಳಿಗೂ ಗೊತ್ತು. ಯೇಸು ಸಾವಿನಿಂದ ಎದ್ದು ಬಂದ ನೆನಪಿನ ಹಬ್ಬವಾದ ಈಸ್ಟರ್ ಮಾತ್ರ ಒಂದು ವರ್ಷ ಮಾರ್ಚಿನಲ್ಲಿ, ಇನ್ನೊಂದು ವರ್ಷ ಏಪ್ರಿಲ್ ಮುಗಿಯುವ ಹೊತ್ತಿಗೆ. ಕೇಳಿಸಿಕೊಂಡವರೂ "ತಡೀರಿ, ಕ್ಯಾಲೆಂಡರ್ ನೋಡಿ ಹೇಳ್ತೇನೆ" ಅನ್ನುವುದೇ ಜಾಸ್ತಿ. ಆದರೆ ಮನೆಯಲ್ಲಿ ಪಂಚಾಂಗ ಇಟ್ಟುಕೊಂಡ ಯಾರು ಬೇಕಾದರೂ ಇದನ್ನು ಲೆಕ್ಕ ಹಾಕಬಹುದು. ಈ ಲೆಕ್ಕ ತಿಳಿದರೆ ಇಗರ್ಜಿಯಲ್ಲಿ (ಚರ್ಚಿನಲ್ಲಿ) ವರ್ಷವಿಡೀ ಏನು ನಡೆಯುತ್ತದೆ, ಯಾಕೆ ಆಗಲೇ ನಡೆಯುತ್ತದೆ ಅನ್ನುವುದು ಮುಕ್ಕಾಲು ಪಾಲು ಅರ್ಥವಾಗುತ್ತದೆ.

ನಿಯಮ ಇಷ್ಟೇ. ಮಾರ್ಚ್ 21 ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಹಿಡಿಯಿರಿ. ಆ ಹುಣ್ಣಿಮೆ ಕಳೆದು ಬರುವ ಭಾನುವಾರವೇ ಈಸ್ಟರ್. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಅದು ಒಂದೋ ಹೋಳಿ ಹುಣ್ಣಿಮೆಯ ನಂತರದ ಭಾನುವಾರ, ಇಲ್ಲವೇ ಚೈತ್ರ ಹುಣ್ಣಿಮೆಯ ನಂತರದ ಭಾನುವಾರ. 2024ರಲ್ಲಿ ಹೋಳಿ ಹುಣ್ಣಿಮೆ ಮಾರ್ಚ್ 25ಕ್ಕೆ ಬಂತು, ಅಂದರೆ 21 ದಾಟಿತ್ತು. ಹಾಗಾಗಿ ಅದೇ ವಾರ ಮಾರ್ಚ್ 31ಕ್ಕೆ ಈಸ್ಟರ್. 2026ರಲ್ಲಿ ಹೋಳಿ ಹುಣ್ಣಿಮೆ ಮಾರ್ಚ್ ಮೊದಲ ವಾರದಲ್ಲೇ ಮುಗಿಯುತ್ತದೆ, ಅದು ಲೆಕ್ಕಕ್ಕೆ ಬರುವುದಿಲ್ಲ. ಮುಂದಿನ ಹುಣ್ಣಿಮೆ ಏಪ್ರಿಲ್ 2, ಗುರುವಾರ. ಈಸ್ಟರ್ ಏಪ್ರಿಲ್ 5. ಹುಣ್ಣಿಮೆಯೇ ಭಾನುವಾರ ಬಿದ್ದರೆ? ಆಗ ಒಂದು ವಾರ ಮುಂದಕ್ಕೆ. 2025ರಲ್ಲಿ ಆಗಿದ್ದು ಅದೇ: ಏಪ್ರಿಲ್ 13 ಭಾನುವಾರ ಹುಣ್ಣಿಮೆ, ಈಸ್ಟರ್ 20ಕ್ಕೆ ಹೋಯಿತು. ಈ ನಿಯಮದಲ್ಲಿ ಈಸ್ಟರ್ ಮಾರ್ಚ್ 22ಕ್ಕಿಂತ ಮೊದಲು ಬರಲಾರದು, ಏಪ್ರಿಲ್ 25 ದಾಟಲಾರದು.

ಒಂದು ತೊಡಕು ಇದೆ, ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಯಾರಾದರೂ ಪಂಚಾಂಗ ಹಿಡಿದುಕೊಂಡು ಜಗಳಕ್ಕೆ ಬರುತ್ತಾರೆ. ಚರ್ಚು ಆಕಾಶದ ಚಂದ್ರನನ್ನು ನೋಡುವುದಿಲ್ಲ, 19 ವರ್ಷಕ್ಕೊಮ್ಮೆ ಮರಳುವ ಒಂದು ಹಳೆಯ ಕೋಷ್ಟಕ ನೋಡುತ್ತದೆ. ಸಾಮಾನ್ಯವಾಗಿ ಎರಡೂ ಒಂದೇ ದಿನ, ಇಲ್ಲವೇ ಒಂದು ದಿನದ ವ್ಯತ್ಯಾಸ. 2019ರಲ್ಲಿ ಆ ಒಂದು ದಿನವೇ ಒಂದು ತಿಂಗಳಾಯಿತು. ಹುಣ್ಣಿಮೆ ಮಾರ್ಚ್ 21ಕ್ಕೇ ಇತ್ತು, ಆದರೆ ಕೋಷ್ಟಕದ ಪ್ರಕಾರ ಅದು 20ಕ್ಕೇ ಮುಗಿದಿತ್ತು. ಈಸ್ಟರ್ ಏಪ್ರಿಲ್ 21ಕ್ಕೆ ಬಂತು.

ಹುಣ್ಣಿಮೆಯೇ ಯಾಕೆ ಬೇಕು ಅಂದರೆ, ಯೇಸುವನ್ನು ಶಿಲುಬೆಗೇರಿಸಿದ್ದು ಯೆಹೂದ್ಯರ ಪಾಸ್ಖ ಹಬ್ಬದ ಹೊತ್ತಿನಲ್ಲಿ. ಆ ಹಬ್ಬ ಬರುವುದೇ ವಸಂತದ ಹುಣ್ಣಿಮೆಗೆ. ಮೊದಲ ಶತಮಾನಗಳಲ್ಲಿ ಒಂದೊಂದು ಊರಿನವರು ಒಂದೊಂದು ದಿನ ಆಚರಿಸುತ್ತಿದ್ದರು. ಎಲ್ಲರೂ ಒಂದೇ ಭಾನುವಾರ ಆಚರಿಸಬೇಕು ಅಂತ 325ರಲ್ಲಿ ನೈಸಿಯಾ ಮಹಾಸಭೆ ತೀರ್ಮಾನ ಮಾಡಿತು.

ಈಗ ಈಸ್ಟರ್‌ನಿಂದ ಹಿಂದಕ್ಕೆ ಎಣಿಸಿ. 46 ದಿನ ಹಿಂದೆ ಹೋದರೆ ಬೂದಿ ಬುಧವಾರ. ಅಲ್ಲಿಂದ ತಪಸ್ಸು ಕಾಲ ಶುರು, ಕೊಂಕಣಿಯಲ್ಲಿ ಕರೆಜ್ಮ್. ನಲವತ್ತು ದಿನದ ವ್ರತ ಅಂತಾರೆ, ಎಣಿಸಿದರೆ 46 ಬರುತ್ತದಲ್ಲ ಅಂತ ಕೇಳುವವರಿದ್ದಾರೆ. ನಡುವೆ ಬರುವ ಆರು ಭಾನುವಾರ ಉಪವಾಸದ ಲೆಕ್ಕಕ್ಕಿಲ್ಲ. ಪ್ರತಿ ಭಾನುವಾರವೂ ಒಂದು ಚಿಕ್ಕ ಈಸ್ಟರ್, ಆ ದಿನ ಉಪವಾಸ ಇರಬಾರದು ಅನ್ನುವುದು ಹಳೆಯ ಸಂಪ್ರದಾಯ. ಆರು ಕಳೆದರೆ ಸರಿಯಾಗಿ 40. ಯೇಸು ಮರುಭೂಮಿಯಲ್ಲಿ ಉಪವಾಸವಿದ್ದದ್ದು ನಲವತ್ತು ದಿನ.

ಇದರಿಂದ ಒಂದು ಮಜವಾದ ಸಂಗತಿ ಹೊರಬರುತ್ತದೆ, ಮತ್ತು ನಮ್ಮ ಜಿಲ್ಲೆಯಲ್ಲಿ ಅದು ಕಣ್ಣಿಗೆ ಕಾಣುತ್ತದೆ. ಎರಡೂ ಕಡೆ ಚಂದ್ರನೇ ಲೆಕ್ಕ ಆಗಿರುವುದರಿಂದ ಹೋಳಿ ಹುಣ್ಣಿಮೆ ಯಾವಾಗಲೂ ತಪಸ್ಸು ಕಾಲದ ಒಳಗೇ ಬೀಳುತ್ತದೆ. ಈಸ್ಟರ್ ಚೈತ್ರ ಹುಣ್ಣಿಮೆಯ ಹಿಂದೆ ಬರುವ ವರ್ಷಗಳಲ್ಲಿ ಶಿವರಾತ್ರಿ ಬೂದಿ ಬುಧವಾರಕ್ಕೆ ಸುಮಾರು ಒಂದು ವಾರದೊಳಗೆ ಬರುತ್ತದೆ: 2026ರಲ್ಲಿ ಶಿವರಾತ್ರಿ ಫೆಬ್ರುವರಿ 15, ಬೂದಿ ಬುಧವಾರ 18. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಫಾಲ್ಗುಣದಲ್ಲಿ ಮಾರಿಕಾಂಬಾ ಜಾತ್ರೆ ಆಗುವಾಗ ಅಲ್ಲಿನ ಕ್ರಿಶ್ಚಿಯನ್ ಮನೆಗಳಲ್ಲಿ ವ್ರತ ನಡೆಯುತ್ತಿರುತ್ತದೆ. ಮಕ್ಕಳನ್ನು ಜಾತ್ರೆಗೆ ಕರೆದುಕೊಂಡು ಹೋಗಿ, ಅಲ್ಲಿ ಏನು ತಿನ್ನಬಹುದು ಏನು ತಿನ್ನಬಾರದು ಅಂತ ಚೌಕಾಶಿ ಮಾಡುವುದು ಇದೆಯಲ್ಲ, ಅದು ಬೇರೆ ಊರಿನವರಿಗೆ ಗೊತ್ತಾಗಲಿಕ್ಕಿಲ್ಲ. 2026ರಲ್ಲಂತೂ ರಂಜಾನ್ ಕೂಡ ಅದೇ ವಾರ ಶುರು. ಆದರೆ ರಂಜಾನ್ ಲೆಕ್ಕಕ್ಕೆ ಅಧಿಕ ಮಾಸ ಇಲ್ಲ. ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತಾ ಹೋಗುತ್ತದೆ, ಹಾಗಾಗಿ ಈ ಕೂಡುವಿಕೆ ಪ್ರತಿ ವರ್ಷದ್ದಲ್ಲ.

ಬೂದಿ ಎಲ್ಲಿಂದ ಬರುತ್ತದೆ ಅನ್ನುವುದು ನನಗೆ ಬಹಳ ಇಷ್ಟವಾದ ವಿಷಯ. ಈಸ್ಟರ್‌ಗೆ ಹಿಂದಿನ ಭಾನುವಾರ ಗರಿಗಳ ಭಾನುವಾರ, ಯೇಸು ಯೆರೂಸಲೇಮಿಗೆ ಬಂದಾಗ ಜನ ಗರಿ ಹಿಡಿದು ಜಯಕಾರ ಹಾಕಿದ ನೆನಪಿನದ್ದು. ಹಿಂದಿನ ವರ್ಷ ಆ ದಿನ ಹಂಚಿದ ಗರಿಯನ್ನೇ ಸುಟ್ಟು ಮಾಡುತ್ತಾರೆ. ಯೆರೂಸಲೇಮಿನಲ್ಲಿ ಅದು ಖರ್ಜೂರದ ಗರಿ, ನಮ್ಮಲ್ಲಿ ತೆಂಗಿನ ಸುಳಿಗರಿ. ಆಶೀರ್ವಾದ ಆದ ಗರಿ ಮನೆಗೆ ಬಂದು ಶಿಲುಬೆಯ ಹಿಂದೆ ಸಿಕ್ಕಿಸಿಕೊಂಡು ಒಂದು ವರ್ಷ ಇರುತ್ತದೆ. ಹಳದಿ ಇದ್ದದ್ದು ಕಂದಾಗಿ, ಮಳೆಗಾಲದ ತೇವಕ್ಕೆ ಸ್ವಲ್ಪ ಬೂಷ್ಟು ಹಿಡಿದು, ಮತ್ತೆ ಒಣಗಿ, ಮುಟ್ಟಿದರೆ ಮುರಿಯುವ ಹಾಗೆ ಆಗಿರುತ್ತದೆ. ಬೂದಿ ಬುಧವಾರಕ್ಕೆ ಮೊದಲು ಅದನ್ನು ಇಗರ್ಜಿಗೆ ವಾಪಸ್ ತಂದುಕೊಡುತ್ತಾರೆ. ಸುಟ್ಟು, ಜರಡಿ ಹಿಡಿದು, ನಯವಾದ ಪುಡಿ ಮಾಡುತ್ತಾರೆ. ಆಮೇಲೆ ಫಾದರ್ ಅದನ್ನು ಹಣೆಗೆ ಶಿಲುಬೆಯಾಕಾರದಲ್ಲಿ ಹಚ್ಚಿ "ಮಾನವಾ, ನೀನು ಮಣ್ಣು, ಮತ್ತೆ ಮಣ್ಣಿಗೇ ಸೇರುವೆ" ಅನ್ನುವ ಅರ್ಥದ ಮಾತು ಹೇಳುತ್ತಾರೆ. ಹಿಂದಿನ ವರ್ಷ ಜಯಕಾರ ಹಾಕಿದ ಗರಿಯೇ ಈ ವರ್ಷ ಹಣೆಯ ಮೇಲಿನ ಬೂದಿ.

ಇನ್ನು ಊಟದ ವಿಷಯ. ಇಲ್ಲಿ ಗೊಂದಲ ಜಾಸ್ತಿ, ನಮ್ಮವರಲ್ಲೇ ಜಾಸ್ತಿ. ಕಥೋಲಿಕರ ನಿಯಮದಲ್ಲಿ ಎರಡು ಬೇರೆ ಬೇರೆ ಸಂಗತಿ ಇವೆ. ಒಂದು ಉಪವಾಸ: ದಿನಕ್ಕೆ ಒಂದೇ ಹೊಟ್ಟೆತುಂಬ ಊಟ, ಬೇಕಿದ್ದರೆ ಇನ್ನೆರಡು ಹೊತ್ತು ಸ್ವಲ್ಪ ಏನಾದರೂ. ಇದು ಕಡ್ಡಾಯ ಇರುವುದು ವರ್ಷಕ್ಕೆ ಎರಡೇ ದಿನ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ (ಗುಡ್ ಫ್ರೈಡೇ), ಅದೂ 18 ತುಂಬಿದವರಿಂದ 59 ವಯಸ್ಸಿನವರೆಗೆ. ಇನ್ನೊಂದು ಮಾಂಸ ಬಿಡುವುದು: ಅದು 14 ತುಂಬಿದವರಿಗೆಲ್ಲ, ಈ ಎರಡು ದಿನ ಮತ್ತು ಶುಕ್ರವಾರಗಳಂದು. ಕಾಯಿಲೆಯವರಿಗೆ, ಬಸುರಿ ಬಾಣಂತಿಯರಿಗೆ ವಿನಾಯಿತಿ. ಮೊಟ್ಟೆ, ಹಾಲು ತಿನ್ನಬಹುದು. ಮೀನೂ ತಿನ್ನಬಹುದು!

ಮೀನು ಮಾಂಸವಲ್ಲ ಅನ್ನುವ ನಿಯಮ ಮಾಡಿದವರು ಕಾರವಾರದ ಮೀನು ಮಾರ್ಕೆಟ್ ನೋಡಿರಲಿಲ್ಲ ಬಿಡಿ. ದನ, ಕುರಿ, ಕೋಳಿಯ ಊಟ ದುಬಾರಿಯಾಗಿದ್ದ, ಹಬ್ಬದ ಊಟ ಅನಿಸಿಕೊಂಡಿದ್ದ ಊರುಗಳಲ್ಲಿ ಮೀನು ಬಡವರ ಊಟ, ಹಾಗಾಗಿ ಅದು ವ್ರತಕ್ಕೆ ಸಲ್ಲುತ್ತಿತ್ತು. ನಮಗೆ ಬಂಗಡೆ ಸಾರು ದಿನನಿತ್ಯದ್ದು, ಇಸ್ವಾಣದ ತುಂಡು ಹುರಿದರೆ ಅದೇ ಹಬ್ಬ. ಶುಕ್ರವಾರ ಕೋಳಿ ಬಿಟ್ಟು ಇಸ್ವಾಣ ಫ್ರೈ, ಶೆಟ್ಲಿ (ಸಿಗಡಿ) ಗಸಿ ಮಾಡಿಕೊಂಡು ಕೂತರೆ ಕಾನೂನು ಪ್ರಕಾರ ತಪ್ಪಿಲ್ಲ, ಆದರೆ ಅದನ್ನು ತ್ಯಾಗ ಅಂತ ಯಾವ ಬಾಯಲ್ಲಿ ಹೇಳುವುದು? ಅದಕ್ಕೇ ಇಲ್ಲಿನ ಎಷ್ಟೋ ಹಿರಿಯರು ಶುಕ್ರವಾರ ಮೀನನ್ನೂ ಮುಟ್ಟುವುದಿಲ್ಲ, ಕೆಲವರು ನಲವತ್ತೂ ದಿನ ಬಿಡುತ್ತಾರೆ. ಗಂಜಿ, ಉಪ್ಪಿನಕಾಯಿ, ಒಂದು ಪಲ್ಯ. ನನ್ನ ಮಟ್ಟಿಗೆ ಹಿರಿಯರ ಲೆಕ್ಕವೇ ಸರಿ. ನಾಲಿಗೆಗೆ ನಿಜವಾಗಿ ಯಾವುದು ಬೇಕೋ ಅದನ್ನು ಬಿಡಬೇಕು. ಮೀನು ಬಿಡಲಾಗದವರು ಸಾರಾಯಿ ಬಿಡುತ್ತಾರೆ, ಹುಡುಗರು ಮೊಬೈಲ್ ಗೇಮ್ ಬಿಡುತ್ತೇವೆ ಅಂತಾರೆ. ಎಷ್ಟು ದಿನ ನಡೆಯುತ್ತದೋ ಅದು ಅವರವರಿಗೆ ಗೊತ್ತು.

ಉಳಿಸಿದ ದುಡ್ಡು ಎಲ್ಲಿಗೆ? ವ್ರತದ ಇನ್ನೊಂದು ಕಾಲು ದಾನ. ದೇಶದ ಕಥೋಲಿಕ ಚರ್ಚುಗಳ ಸೇವಾ ಸಂಸ್ಥೆ ಕಾರಿತಾಸ್ ಇಂಡಿಯಾ, 1962ರಲ್ಲಿ ಶುರುವಾದದ್ದು, ಪ್ರತಿ ತಪಸ್ಸು ಕಾಲದಲ್ಲಿ ಅಭಿಯಾನ ಮಾಡುತ್ತದೆ. ಊರ ಮಟ್ಟದಲ್ಲಿ ಈ ಕೆಲಸ ಮಾಡುವುದು ಸಂತ ವಿನ್ಸೆಂಟ್ ದೆ ಪಾಲ್ ಸಭೆ, 1833ರಲ್ಲಿ ಪ್ಯಾರಿಸ್ಸಿನಲ್ಲಿ ಕೆಲವು ಕಾಲೇಜು ಹುಡುಗರು ಹುಟ್ಟುಹಾಕಿದ್ದು. ಈ ಸಭೆಯ ಸದಸ್ಯರು ಕಷ್ಟದಲ್ಲಿರುವ ಮನೆಗಳಿಗೆ ಖುದ್ದಾಗಿ ಹೋಗುತ್ತಾರೆ. ಅಕ್ಕಿ, ಔಷಧಿ, ಶಾಲೆ ಫೀಸು. ಯಾರಿಗೆ ಕೊಟ್ಟರು ಅಂತ ಹೊರಗೆ ಹೇಳುವುದಿಲ್ಲ.

ಪ್ರತಿ ಶುಕ್ರವಾರ ಸಂಜೆ ಶಿಲುಬೆಯ ಹಾದಿ. ಗೋಡೆಯ ಮೇಲೆ ಸುತ್ತಲೂ ಇರುವ 14 ಚಿತ್ರಗಳನ್ನು ನೀವು ನೋಡಿರಬಹುದು, ಯೇಸುವಿಗೆ ಮರಣದಂಡನೆ ವಿಧಿಸಿದ್ದರಿಂದ ಹಿಡಿದು ಸಮಾಧಿಯವರೆಗೆ. ಒಂದೊಂದರ ಮುಂದೆ ನಿಂತು ಪ್ರಾರ್ಥಿಸುತ್ತಾ ಹೋಗುವುದು. ಒಂದೊಂದು ವಾರ ಒಂದೊಂದು ವಾರ್ಡಿನವರಿಗೆ ನಡೆಸಿಕೊಡುವ ಪಾಳಿ ಹಾಕುವುದುಂಟು. ಈ ದಿನಗಳಲ್ಲಿ ಪೀಠಕ್ಕೆ ಹೂವಿಲ್ಲ, ಪೂಜೆಯಲ್ಲಿ ಅಲ್ಲೆಲೂಯ ಅನ್ನುವ ಸಂಭ್ರಮದ ಹಾಡು ಇಲ್ಲ, ಫಾದರ್ ಉಡುಪು ನೇರಳೆ. ಮದುವೆ ಮಾಡಬಾರದು ಅಂತ ಕಡ್ಡಾಯ ಇಲ್ಲದಿದ್ದರೂ ಯಾರೂ ಇಟ್ಟುಕೊಳ್ಳುವುದಿಲ್ಲ. ಅದಕ್ಕೇ ಈಸ್ಟರ್ ಮುಗಿದ ಕೂಡಲೇ ಏಪ್ರಿಲ್ ಮೇಯಲ್ಲಿ ಹಾಲ್ ಸಿಗುವುದಿಲ್ಲ.

ಕೊನೆಯ ವಾರ ಬಂತೆಂದರೆ ಇಗರ್ಜಿಯವರಿಗೆ ಬೇರೆ ಕೆಲಸವೇ ಇಲ್ಲ. ಗರಿಗಳ ಭಾನುವಾರದ ಹಿಂದಿನ ದಿನ ಸುಳಿಗರಿ ಕಡಿದು ತರಬೇಕು, ಮರ ಹತ್ತುವವರನ್ನು ಹಿಡಿಯುವುದೇ ಈಗ ದೊಡ್ಡ ಕೆಲಸ. ಈ ವಾರದಲ್ಲೇ ಒಂದು ದಿನ ಜಿಲ್ಲೆಯ ಫಾದರ್‌ಗಳೆಲ್ಲ ಕಾರವಾರದ ಕಥೀಡ್ರಲ್‌ಗೆ ಬಂದು ಸೇರುತ್ತಾರೆ. 1976ರಲ್ಲಿ ಬೆಳಗಾವಿಯಿಂದ ಬೇರ್ಪಟ್ಟು ಕಾರವಾರ ಧರ್ಮಪ್ರಾಂತ್ಯ ಆಯಿತು, ಉತ್ತರ ಕನ್ನಡ ಜಿಲ್ಲೆಯೇ ಅದರ ವ್ಯಾಪ್ತಿ. ಧರ್ಮಾಧ್ಯಕ್ಷರು (ಬಿಷಪ್) ಮೂರು ಬಗೆಯ ಎಣ್ಣೆ ಆಶೀರ್ವದಿಸುತ್ತಾರೆ, ಮುಂದೆ ವರ್ಷವಿಡೀ ಹಳಿಯಾಳದಲ್ಲಾಗಲಿ ಹೊನ್ನಾವರದಲ್ಲಾಗಲಿ ಮಗುವಿನ ದೀಕ್ಷಾಸ್ನಾನಕ್ಕೆ, ಕಾಯಿಲೆಯವರ ಹಣೆಗೆ ಹಚ್ಚುವುದು ಅಲ್ಲಿಂದ ಹೋದ ಎಣ್ಣೆಯೇ.

ಗುರುವಾರ ರಾತ್ರಿ, ಯೇಸು ಕೊನೆಯ ಊಟದ ಹೊತ್ತಿಗೆ ಶಿಷ್ಯರ ಕಾಲು ತೊಳೆದ ನೆನಪಿಗೆ, ಫಾದರ್ ಹನ್ನೆರಡು ಜನರ ಕಾಲು ತೊಳೆಯುವುದು. ಮೊದಲು ಗಂಡಸರದು ಮಾತ್ರ, 2016ರಿಂದ ಹೆಂಗಸರನ್ನೂ ಕೂರಿಸಬಹುದು ಅಂತಾಯಿತು. ಆ ಪೂಜೆಯಲ್ಲಿ ಗಂಟೆ ಒಮ್ಮೆ ಜೋರಾಗಿ ಬಾರಿಸಿದರೆ ಮುಗಿಯಿತು, ಮತ್ತೆ ಗಂಟೆ ಕೇಳುವುದು ಶನಿವಾರ ರಾತ್ರಿಯೇ. ನಡುವೆ ಬೇಕಾದಾಗ ಮರಕ್ಕೆ ಮರ ಬಡಿದು ಸದ್ದು ಮಾಡುತ್ತಾರೆ. ಶುಕ್ರವಾರ ಪೂಜೆಯೇ ಇಲ್ಲ. ಪೀಠ ಖಾಲಿ, ಬಟ್ಟೆಯೂ ಇಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಆರಾಧನೆ, ಶಿಲುಬೆಗೆ ಮುತ್ತು ಕೊಡುವುದು. ಆ ದಿನದ ಕಾಣಿಕೆ ಊರಿಗೆ ಉಳಿಯುವುದಿಲ್ಲ, ಯೆರೂಸಲೇಮ್ ಸುತ್ತಲಿನ ಪವಿತ್ರ ನಾಡಿನ ಚರ್ಚುಗಳಿಗೆ ಹೋಗುತ್ತದೆ.

ಶನಿವಾರ ರಾತ್ರಿಯದ್ದನ್ನು ಒಮ್ಮೆ ನೋಡಬೇಕು ನೀವು. ಲೈಟ್ ಎಲ್ಲ ಆರಿಸಿ, ಇಗರ್ಜಿಯ ಹೊರಗೆ ಬೆಂಕಿ ಹಾಕುತ್ತಾರೆ. ಫಾದರ್ ದೊಡ್ಡ ಮೇಣದಬತ್ತಿ ಹಿಡಿದು ಅದರ ಮೇಲೆ ಶಿಲುಬೆ ಗೀರುತ್ತಾರೆ, ಮೇಲೆ ಕೆಳಗೆ ಗ್ರೀಕ್ ಭಾಷೆಯ ಮೊದಲ ಮತ್ತು ಕೊನೆಯ ಅಕ್ಷರ, ನಾಲ್ಕು ಮೂಲೆಯಲ್ಲಿ ಆ ವರ್ಷದ ನಾಲ್ಕು ಅಂಕಿ, ಐದು ಗಾಯಗಳ ನೆನಪಿಗೆ ಐದು ಧೂಪದ ಕಾಳು. ಆ ಬತ್ತಿ ಹೊತ್ತಿಸಿ ಕತ್ತಲೆಯ ಒಳಗೆ ಹೋಗುತ್ತಾರೆ, ಅದರಿಂದ ಒಬ್ಬರು, ಅವರಿಂದ ಪಕ್ಕದವರು ಹಚ್ಚಿಕೊಂಡು ಇಡೀ ಇಗರ್ಜಿ ಬೆಳಗುತ್ತದೆ. ಕ್ರಿಸ್ಮಸ್‌ಗಿಂತ ಇದೇ ನಮ್ಮ ದೊಡ್ಡ ಹಬ್ಬ. ಹೊರಗಿನವರಿಗೆ ಇದು ಕಾಣುವುದಿಲ್ಲ, ಯಾಕೆಂದರೆ ಈಸ್ಟರ್‌ಗೆ ನಕ್ಷತ್ರ ಇಲ್ಲ, ಕೇಕ್ ಇಲ್ಲ, ಭಾನುವಾರವಾದ್ದರಿಂದ ಬೇರೆ ರಜೆಯೂ ಇಲ್ಲ!

ಇನ್ನು ಕ್ರಿಸ್ಮಸ್. ಅದಕ್ಕೆ ಚಂದ್ರನ ಗೊಡವೆ ಇಲ್ಲ. ಯೇಸು ಹುಟ್ಟಿದ ತಾರೀಖು ಬೈಬಲ್ಲಿನಲ್ಲಿ ಇಲ್ಲ. ರೋಮಿನಲ್ಲಿ ಡಿಸೆಂಬರ್ 25ಕ್ಕೆ ಆಚರಿಸಿದ ಅತಿ ಹಳೆಯ ದಾಖಲೆ 336ರದ್ದು. ಯಾಕೆ ಆ ದಿನ ಅನ್ನುವುದಕ್ಕೆ ಎರಡು ವಾದ: ಚಳಿಗಾಲದ ಸೂರ್ಯನ ಹಬ್ಬದ ಜಾಗದಲ್ಲಿ ಇದನ್ನು ತಂದರು ಅಂತ ಒಂದು, ಮೇರಿಗೆ ದೇವದೂತ ಸುದ್ದಿ ಹೇಳಿದ ಮಾರ್ಚ್ 25ರಿಂದ ಒಂಬತ್ತು ತಿಂಗಳು ಎಣಿಸಿದರು ಅಂತ ಇನ್ನೊಂದು. ಹಬ್ಬಕ್ಕೆ ಮೊದಲಿನ ನಾಲ್ಕು ಭಾನುವಾರ ಆಗಮನ ಕಾಲ, ಅದಕ್ಕೂ ನೇರಳೆ ಬಣ್ಣವೇ. ಭಾನುವಾರಕ್ಕೊಂದರಂತೆ ನಾಲ್ಕು ಮೇಣದಬತ್ತಿ ಹಚ್ಚುತ್ತಾರೆ, ಮೂರನೆಯದು ಗುಲಾಬಿ ಬಣ್ಣದ್ದು.

ಆಗಮನ ಕಾಲ ಶಾಂತವಾಗಿರಬೇಕು ಅಂತ ಪುಸ್ತಕದಲ್ಲಿದೆ. ನಮ್ಮ ಕರಾವಳಿಯಲ್ಲಿ ಅದು ಆಗುವ ಮಾತಲ್ಲ. ಡಿಸೆಂಬರ್ 3 ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬ, ಅವರು 1552ರಲ್ಲಿ ಚೀನಾದ ತೀರದ ಒಂದು ದ್ವೀಪದಲ್ಲಿ ತೀರಿಕೊಂಡ ದಿನ. ಅಂದು ಚಂದಾವರದ ಇಗರ್ಜಿಗೆ ಕುಮಟಾ ಹೊನ್ನಾವರ ಕಡೆಯ ಜನ ಜಾತಿ ಧರ್ಮ ನೋಡದೆ ಹೋಗುತ್ತಾರೆ. ಅದು ಮುಗಿಯುವ ಹೊತ್ತಿಗೆ ಹುಡುಗರು ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯ ಕೆಲಸ ಹಿಡಿದಿರುತ್ತಾರೆ. ಬಿದಿರು, ಹುಲ್ಲು, ಕಾಗದಕ್ಕೆ ಬಣ್ಣ ಹಚ್ಚಿ ಮಾಡಿದ ಗುಡ್ಡ. ಹಸಿರು ಗದ್ದೆ ಬೇಕಲ್ಲ, ಅದಕ್ಕೆ ಹಬ್ಬಕ್ಕೆ ಒಂದು ವಾರ ಹತ್ತು ದಿನ ಮೊದಲೇ ರಾಗಿಯನ್ನೋ ಭತ್ತವನ್ನೋ ತಟ್ಟೆಯಲ್ಲಿ ಬಿತ್ತಿಡಬೇಕು. ಬೇಗ ಬಿತ್ತಿದರೆ ಉದ್ದವಾಗಿ ಮಲಗಿಬಿಡುತ್ತದೆ, ತಡವಾದರೆ ಕುರಿಗಳು ಬರೀ ಮಣ್ಣಿನ ಮೇಲೆ ನಿಲ್ಲುತ್ತವೆ. ಬಾಲಯೇಸುವಿನ ತೊಟ್ಟಿಲು 24ರ ರಾತ್ರಿಯವರೆಗೆ ಖಾಲಿ.

ಮನೆಯಲ್ಲಿ ತಿಂಡಿ: ಕಾಯಿ ಎಳ್ಳಿನ ಹೂರಣದ ನೇವ್ರಿ, ಕುಲ್ಕುಲ್, ಬೆಲ್ಲ ಮತ್ತು ಕಾಯಿಹಾಲು ಹಾಕಿ ಗಂಟೆಗಟ್ಟಲೆ ಮಗುಚುವ ದೊದೊಲ್. ತಟ್ಟೆಗಟ್ಟಲೆ ಪಕ್ಕದ ಮನೆಗಳಿಗೆ ಹೋಗುತ್ತದೆ. ಚೌತಿಗೆ, ದೀಪಾವಳಿಗೆ ಅವರ ಮನೆಯಿಂದ ಬಂದ ತಟ್ಟೆಯ ಲೆಕ್ಕ ಅಮ್ಮಂದಿರಿಗೆ ಚೆನ್ನಾಗಿ ನೆನಪಿರುತ್ತದೆ.

ಮಧ್ಯರಾತ್ರಿಯ ಪೂಜೆ ಅಂತಾರೆ, ಆದರೆ ಎಷ್ಟೋ ಕಡೆ ಅದು ಈಗ ಸಂಜೆಯೇ ಮುಗಿಯುತ್ತದೆ. ಒಂದು ಕಾರಣ ಮೈಕು: 2000ರ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಇಲ್ಲ, ಹಬ್ಬಗಳಿಗೆ ವರ್ಷದಲ್ಲಿ ಕೆಲವೇ ದಿನ ಹನ್ನೆರಡರವರೆಗೆ ಸರ್ಕಾರ ಅವಕಾಶ ಕೊಡಬಹುದು. ಇನ್ನೊಂದು ಕಾರಣ ಘಟ್ಟದ ಮೇಲಿನದ್ದು. ಅಲ್ಲಿ ಕಾಡಿನ ನಡುವೆ ದೂರ ದೂರ ಇರುವ ಊರುಗಳಿಗೆ ಒಬ್ಬರೇ ಫಾದರ್ ಹೋಗಬೇಕಾಗುತ್ತದೆ. ಕ್ರಿಸ್ಮಸ್‌ಗೆ ರಾತ್ರಿ, ಮುಂಜಾನೆ, ಹಗಲು ಅಂತ ಮೂರು ಬೇರೆ ಪೂಜೆಗಳಿರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ, ಒಂದೊಂದು ಊರಿಗೆ ಒಂದೊಂದು.

ಜನವರಿಯಲ್ಲಿ ನಕ್ಷತ್ರ ಇನ್ನೂ ಯಾಕೆ ಇಳಿಸಿಲ್ಲ ಅಂತ ಕೇಳಬೇಡಿ. ಹಬ್ಬ 25ಕ್ಕೆ ಶುರುವಾಗಿದ್ದಷ್ಟೇ. ನಕ್ಷತ್ರ ನೋಡಿಕೊಂಡು ಬಾಲಯೇಸುವನ್ನು ಹುಡುಕಿ ಬಂದ ಮೂವರು ಜ್ಞಾನಿಗಳ ಹಬ್ಬ ಜನವರಿ ಮೊದಲ ವಾರದ ಆಸುಪಾಸಿನ ಭಾನುವಾರ, ಯೇಸುವಿನ ದೀಕ್ಷಾಸ್ನಾನದ ಹಬ್ಬಕ್ಕೆ ಕ್ರಿಸ್ಮಸ್ ಕಾಲ ಮುಗಿಯುತ್ತದೆ. 40ನೇ ದಿನ ಫೆಬ್ರುವರಿ 2, ಮಗುವನ್ನು ದೇವಾಲಯಕ್ಕೆ ಒಪ್ಪಿಸಿದ ದಿನ. ಕಾರವಾರದ ಎದುರಿನ ಅಂಜುದೀವ್ ದ್ವೀಪದಲ್ಲಿರುವ ಪೋರ್ಚುಗೀಸರ ಕಾಲದ ಇಗರ್ಜಿಯ ಹಬ್ಬವೂ ಅಂದೇ. ದ್ವೀಪ ಈಗ ನೌಕಾಪಡೆಯ ವಶದಲ್ಲಿದೆ, ಸುಮ್ನೆ ದೋಣಿ ಹತ್ತಿ ಹೋಗಲಾಗದು. ಅದಾಗಿ ಸ್ವಲ್ಪ ದಿನಕ್ಕೆ ಮತ್ತೆ ಬೂದಿ ಬುಧವಾರ. 2027ರಲ್ಲಿ ಎಂಟೇ ದಿನ ಬಿಡುವು, ಫೆಬ್ರುವರಿ 10ಕ್ಕೇ ಬೂದಿ.

ಬರುವವರಿಗೆ ಒಂದು ಮಾತು. ಯಾವ ಪೂಜೆಗೂ ಯಾರು ಬೇಕಾದರೂ ಬಂದು ಕೂರಬಹುದು. ಬೂದಿಯನ್ನು ಯಾರು ಬೇಕಾದರೂ ಹಚ್ಚಿಸಿಕೊಳ್ಳಬಹುದು. ಆದರೆ ಪೂಜೆಯ ಕೊನೆಗೆ ಸಾಲಿನಲ್ಲಿ ಕೊಡುವ ಬಿಳಿ ರೊಟ್ಟಿ, ಪರಮಪ್ರಸಾದ, ಅದು ದೀಕ್ಷೆ ಪಡೆದು ತಯಾರಾದ ಕಥೋಲಿಕರಿಗೆ ಮಾತ್ರ. ಹೆಸರಿನಲ್ಲಿ ಪ್ರಸಾದ ಇದೆಯಲ್ಲ ಅಂತ ಸಾಲಿಗೆ ನಿಂತುಬಿಟ್ಟರೆ ಫಾದರ್‌ಗೂ ಮುಜುಗರ, ನಿಮಗೂ ಮುಜುಗರ. ಕೂತಲ್ಲೇ ಇದ್ದರೆ ಆಯಿತು, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಎಲ್ಲಾದರೂ ಕೊಂಕಣಿಯಲ್ಲಿ ಒಂದು, ಕನ್ನಡದಲ್ಲಿ ಒಂದು ಪೂಜೆ ಇದ್ದರೆ ಯಾವುದು ಎಷ್ಟು ಹೊತ್ತಿಗೆ ಅಂತ ಗೇಟಿನ ಹತ್ತಿರದ ನೋಟಿಸ್ ಬೋರ್ಡಿನಲ್ಲಿ ಹಾಕಿರುತ್ತಾರೆ. ಕ್ರಿಸ್ಮಸ್ ರಾತ್ರಿ ಸ್ವಲ್ಪ ಬೇಗ ಬನ್ನಿ, ಬೆಂಚು ತುಂಬಿದ ಮೇಲೆ ಅಂಗಳದಲ್ಲೇ ನಿಲ್ಲಬೇಕಾಗುತ್ತದೆ.